ಬಾಲ್ಜಾನ್‌ಗೆ ಇನ್ನೂ ಈಜು ಬಂದಿಲ್ಲ

ಜೂನ್ 8, ಭಾನುವಾರ

ಹಿಟ್ಟಿನ ಉಂಡೆ, ಬಾವುರ್ಸಾಕ್, ಕರಿದು ಡಬ್ಬಿಗೆ ತುಂಬಿ ಕೊಟ್ಟೆ. ಬೇಗನೆ ಹೊರಟರು. ಮಗ ಮೆಂದಿಬಾಯ್, ಸೊಸೆ ಜಾನಿಲ್, ಮೊಮ್ಮಗಳು ನನ್ನ ಬಾಲ್ಜಾನ್. ಕಳೆದ ವಾರವೂ ಸಮುದ್ರ, ಈ ವಾರವೂ ಸಮುದ್ರ. ಈ ಮರಳುಗಾಡಿನಿಂದ ಕಾಸ್ಪಿಯನ್ ಸಮುದ್ರದ ದಡಕ್ಕೆ ಎರಡು ತಾಸು. ರಸ್ತೆಗೆ ಅಡ್ಡ ಒಂಟೆ ನಿಂತರೆ ಇನ್ನೂ ಹೆಚ್ಚು. ಹುಡುಗಿಗೆ ಈಜು ಕಲಿಸುತ್ತಾರಂತೆ. ನಲ್ಲಿಯಲ್ಲಿ ಹೊತ್ತು ನೋಡಿ ನೀರು ಬರುವ ಊರಿನವಳಿಗೆ ಈಜು!

ಸಂಜೆ ಬಂದಾಗ ತಲೆ ಬೇರೆ ಥರ. ಒಂದು ಜಡೆ ಹಾಕಿ ಕಳಿಸಿದ್ದೆ, ಎರಡಾಗಿ ಬಂದಿತ್ತು. ಅಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಏನೂ ಇಲ್ಲ ಅಪಾ, ಎಂದಳು. ಏಳು ವರ್ಷದ ಹುಡುಗಿ, ಇಡೀ ದಿನ ಸಮುದ್ರದಲ್ಲಿದ್ದು ಬಂದು, ಏನೂ ಇಲ್ಲವಂತೆ.

ಜೂನ್ 11

ಪಕ್ಕದ ಮನೆಯ ಉಲ್ಬೋಸಿನ್ ಬಂದಿದ್ದಳು. ಚಹಾ ಕುಡಿದು, ತಲೆಗೆ ಹುಳ ಬಿಟ್ಟು ಹೋದಳು. ಅವಳ ಮೊಮ್ಮಗ ಎರಡೇ ಸಲ ಹೋಗಿ ಈಜು ಕಲಿತನಂತೆ.

"ನಿನ್ನ ಸೊಸೆ ಈಜು ಕಲಿಸ್ತಿದಾಳೋ, ಅಮ್ಮ ಅನ್ನೋದನ್ನ ಕಲಿಸ್ತಿದಾಳೋ... ನೀನೇನು ಹೋಗಿ ನೋಡಿದೀಯಾ?"

ನಕ್ಕುಬಿಟ್ಟೆ. ಅವಳು ಹೋದ ಮೇಲೆ ನಗು ಬರಲಿಲ್ಲ.

ಬಾಲ್ಜಾನ್ ನನ್ನವಳು. ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ — ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ಮಗುವಿಗೆ ನಲವತ್ತು ದಿನ ತುಂಬಿದಾಗ ಜಾನಿಲ್ ತಾನೇ ತಂದು ಮಡಿಲಲ್ಲಿ ಇಟ್ಟಳು. ಅಂದಿನಿಂದ ನನ್ನ ಹಾಸಿಗೆಯಲ್ಲೇ ಮಲಗುತ್ತಾಳೆ. ತಾಯಿಯ ಜಾಗದಲ್ಲಿ ನಾನು, ಅಪಾ; ಹೆತ್ತವಳು ಅತ್ತಿಗೆ, ಹೆತ್ತವನು ಅಣ್ಣ. ಹೆತ್ತವಳು ಹಿರಿಯರೆದುರು ಅಂಥ ಮಗುವನ್ನು ಎತ್ತಿ ಮುದ್ದಿಸುವ ಹಾಗಿಲ್ಲ. ಜಾನಿಲ್ ಒಂದು ದಿನವೂ ತಪ್ಪಿದವಳಲ್ಲ. ಈಗ ಅದೇ ಅನುಮಾನ. ಇಷ್ಟು ನೆಟ್ಟಗೆ ಇರುತ್ತಾರೆಯೇ ಯಾರಾದರೂ...

ಜೂನ್ 22, ಭಾನುವಾರ

ಮತ್ತೆ ಹೋದರು. ಮತ್ತೆ ಎರಡು ಜಡೆ. ಬಿಚ್ಚಿ ಒಂದು ಮಾಡಿದೆ. ತಲೆ ತುಂಬ ಮರಳು.

"ಈಜು ಬಂತಾ?"

"ಇಲ್ಲ ಅಪಾ. ಮುಳುಗ್ತೀನಿ."

ಹೇಳುವಾಗ ನನ್ನ ಮುಖ ನೋಡಲಿಲ್ಲ.

ಊಟದ ಹೊತ್ತಿಗೆ ಮೆಂದಿಬಾಯ್ ಒಂದು ಮಾತು ತೆಗೆದ — ಸಮುದ್ರದ ಕಡೆಯ ಸ್ಕೂಲುಗಳು ಚೆನ್ನಾಗಿವೆಯಂತೆ. ಜಾನಿಲ್ ತಲೆಯೆತ್ತಿ ಅವನನ್ನು ನೋಡಿದಳು. ಅವನು ತಟ್ಟೆಯ ಕಡೆ ಬಗ್ಗಿದ. ನನಗೇನು ಕಣ್ಣಿಲ್ಲವೇ? ಸೆಪ್ಟೆಂಬರಿಗೆ ಸ್ಕೂಲು ಶುರು. ಹುಡುಗಿಯನ್ನು ಕರೆದುಕೊಂಡು ಅಲ್ಲೇ ಮನೆ ಮಾಡುವ ಮಸಲತ್ತು.

ಜುಲೈ 4

ಮಗ ಎಣ್ಣೆ ಬಾವಿಯ ಡ್ಯೂಟಿಗೆ ಹೋಗಿದ್ದಾನೆ. ಈ ಭಾನುವಾರ ಸಮುದ್ರ ಇಲ್ಲ. ಸಮಾಧಾನ.

ಸಮಾಧಾನ ಎಲ್ಲಿ? ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಾಳೆ. ಜಾನಿಲ್ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಾಳೆ, ತಿರುಗಿ ನೋಡುವುದಿಲ್ಲ. ಒಬ್ಬರ ಸೆರಗು ಒಬ್ಬರಿಗೆ ತಾಗುವುದಿಲ್ಲ. ನನ್ನ ಕಣ್ಣಿಗೆ ಮಣ್ಣೆರಚುವ ನಾಟಕ.

ಜುಲೈ 20, ಭಾನುವಾರ, ಬೆಳಿಗ್ಗೆ

ನಾನೂ ಬರುತ್ತೇನೆ ಎಂದೆ.

ಜಾನಿಲ್ ಕೈಯಲ್ಲಿದ್ದ ಸೌಟು ನಿಂತಿತು. "ಬಿಸಿಲು ಜಾಸ್ತಿ ಅಪಾ. ನಿಮಗೆ ಮೊಣಕಾಲು ಬೇರೆ..."

"ಮೊಣಕಾಲಿಗೆ ಬಿಸಿ ಮರಳೇ ಔಷಧಿ."

ಮಾತು ಮುಗಿಯಿತು.

ಅದೇ ದಿನ, ಸಂಜೆ

ದಾರಿಯಲ್ಲೇ ಸ್ಕೂಲಿನ ಮಾತು ಕೇಳಿಬಿಟ್ಟೆ. ಮೆಂದಿಬಾಯ್ ನಕ್ಕ. ಜೊತೆಗೆ ಕೆಲಸ ಮಾಡುವವನೊಬ್ಬ ಆ ಕಡೆ ಮನೆ ಮಾಡಿದನಂತೆ, ಅವನ ಮಕ್ಕಳ ಸ್ಕೂಲಂತೆ. ನಮ್ಮ ಹುಡುಗಿ ಎಲ್ಲಿಗೂ ಹೋಗುವುದಿಲ್ಲವಂತೆ. ನಂಬಿದೆ. ಅರ್ಧ.

ದಡದಲ್ಲಿ ನನ್ನನ್ನು ಕೊಡೆಯ ಕೆಳಗೆ ಕೂರಿಸಿ, ಕಾಲಿನ ಮೇಲೆ ಮರಳು ಎಳೆದು, ಕಲ್ಲಂಗಡಿಯನ್ನು ನೀರಿನಲ್ಲಿ ತಣ್ಣಗಾಗಲು ಇಟ್ಟು, ಅವನು ಕಾರಿನ ನೆರಳಿನಲ್ಲಿ ಮಲಗಿದ.

ಜಾನಿಲ್ ಉದ್ದ ಅಂಗಿಯಲ್ಲೇ ಸೊಂಟದವರೆಗೆ ಇಳಿದಳು. ಬಾಲ್ಜಾನ್ ನೀರಿನ ಮೇಲೆ ಅಂಗಾತ ಮಲಗಿದಳು. ಬೆನ್ನ ಕೆಳಗೆ ಜಾನಿಲ್‌ಳ ಒಂದು ಕೈ, ತಲೆಯ ಕೆಳಗೆ ಇನ್ನೊಂದು. ಹುಡುಗಿಯ ಕಣ್ಣು ಮುಚ್ಚಿತ್ತು. ಕಿವಿ ನೆಟ್ಟು ಕೂತೆ. ಅಮ್ಮ ಎಂದ ಕೂಡಲೇ ಹಿಡಿಯಬೇಕಲ್ಲ.

"ಕೈ ಬಿಡ್ಬೇಡಿ ಅತ್ತಿಗೆ."

ಅತ್ತಿಗೆ. ಅಲ್ಲಿಯೂ ಅತ್ತಿಗೆಯೇ.

ಸ್ವಲ್ಪ ಹೊತ್ತಿಗೆ ಜಾನಿಲ್ ಮೇಲೆ ಬಂದಳು, ನನಗೆ ಚಹಾ ಕೊಡಲು. ಬುತ್ತಿ ಬಿಚ್ಚಿ, ನೀರಿಗೆ ಬೆನ್ನು ಮಾಡಿ ಕೂತಳು. ನಾನು ತಲೆವಸ್ತ್ರ ಮುಖಕ್ಕೆ ಎಳೆದುಕೊಂಡು ತೂಕಡಿಸಿದ ಹಾಗೆ ಮಾಡಿದೆ. ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು. ಬಾಲ್ಜಾನ್ ಈ ಕಡೆ ನೋಡಿದಳು. ಅಪಾ ಮಲಗಿದಳು ಎಂದುಕೊಂಡಳೋ ಏನೋ, ಹೊರಟೇಬಿಟ್ಟಳು. ದೂರದ ಬಂಡೆಯೊಂದರವರೆಗೆ ಈಜಿ, ಅದನ್ನು ಮುಟ್ಟಿ, ತಿರುಗಿ ಬಂದಳು. ಏದುಸಿರು ಕೂಡ ಇಲ್ಲ.

ಚಹಾ ಕೊಟ್ಟು ಜಾನಿಲ್ ಮತ್ತೆ ಇಳಿದಳು. ಕೂಡಲೇ ಹುಡುಗಿ ಕೈಕಾಲು ಬಡಿಯತೊಡಗಿದಳು.

"ಮುಳುಗ್ತೀನಿ, ಹಿಡ್ಕೊಳ್ಳಿ!"

ಜಾನಿಲ್ ಹಿಡಿದುಕೊಂಡಳು. ಎದೆಗೆ ಒತ್ತಿ ಹಿಡಿದುಕೊಂಡಳು. ಈಜು ಕಲಿಸುವವಳು ಹಿಡಿಯದೆ ಹೇಗೆ ಕಲಿಸುತ್ತಾಳೆ? ಯಾರು ತಪ್ಪು ಹೇಳುತ್ತಾರೆ?

ಸಿಟ್ಟು ಬಂತು. ನನ್ನ ಹುಡುಗಿ ನನಗೇ ಸುಳ್ಳು ಹೇಳಿದಳು. ಆಮೇಲೆ ಅಳು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಚಹಾ ಆರಿಹೋಯಿತು.

ಬರುವಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾಲು ಆ ಕಡೆ ಜಾನಿಲ್‌ಳ ಮಡಿಲಿಗೆ ಚಾಚಿತ್ತು. ಜಾನಿಲ್ ನನ್ನ ಮುಖ ನೋಡಿ, ಕಾಲನ್ನು ಮೆಲ್ಲಗೆ ಸರಿಸಿದಳು.

ಜುಲೈ 23

ಉಲ್ಬೋಸಿನ್ ಕೇಳಿದಳು, ಏನು ನೋಡಿದೆ ಎಂದು.

"ನನ್ನ ಸೊಸೆಗೆ ಕಲಿಸೋಕೆ ಬರಲ್ಲ. ಅಷ್ಟೇ ಕಣೇ."

ಜುಲೈ 27, ಭಾನುವಾರ, ಬೆಳಿಗ್ಗೆ

ಬಾವುರ್ಸಾಕ್ ಕರಿದೆ. ಮೊಣಕಾಲು ನೋವು, ನಾನು ಬರುವುದಿಲ್ಲ ಎಂದೆ. ಹಾಗಾದರೆ ನಾವೂ ಹೋಗುವುದು ಬೇಡ ಅಪಾ, ಎಂದಳು ಜಾನಿಲ್. ಹುಡುಗಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವಳು ಹಾಗೇ ನಿಂತಳು.

"ಹೋಗ್ಬನ್ನಿ. ಹುಡುಗಿಗೆ ಇನ್ನೂ ಈಜು ಬಂದಿಲ್ವಲ್ಲ."

ಜಾನಿಲ್ ಡಬ್ಬಿ ತೆಗೆದುಕೊಂಡು, ಹುಡುಗಿಯ ಇನ್ನೊಂದು ಚಪ್ಪಲಿ ಹುಡುಕಿ ಮುಂದಿಟ್ಟಳು.

ಜಡೆ ಹಾಕಲಿಲ್ಲ. ಅಲ್ಲೇ ಹಾಕಿಸಿಕೋ ಎಂದು ಹುಡುಗಿಗೆ ಬಾಚಣಿಗೆ ಕೊಟ್ಟೆ.

ಸಂಜೆ

ಇನ್ನೂ ಬಂದಿಲ್ಲ. ಚಹಾ ಎರಡು ಸಲ ಕುದಿಸಿದೆ. ಹುಡುಗಿಯನ್ನು ಬಿಟ್ಟುಕೊಟ್ಟದ್ದು ತಪ್ಪಾಯಿತೇ? ಸಮುದ್ರದಲ್ಲಿ ಕೊಟ್ಟದ್ದು ಮನೆಗೆ ಬಂದ ಮೇಲೆ ನನಗೆ ವಾಪಸು ಸಿಗುತ್ತದೆಯೇ?

ಕಾರಿನ ಸದ್ದು. ಯಾರ ಕೈ ಹಿಡಿದು ಇಳಿಯುತ್ತಾಳೆ ಎಂದು ನೋಡಬಾರದು. ಕಿಟಕಿಗೆ ಬೆನ್ನು ಹಾಕಿ ಬರೆಯುತ್ತಿದ್ದೇನೆ.

ಸುಳ್ಳು. ನೋಡಿದೆ. ಎರಡು ಜಡೆ. ಒಂದು ಕೈ ಜಾನಿಲ್‌ಳ ಕೈಯಲ್ಲಿ, ಬಿಡಿಸಿಕೊಂಡಿಲ್ಲ. ಇನ್ನೊಂದು ಕೈ ಈ ಕಿಟಕಿಯ ಕಡೆ ಎತ್ತಿ, ಅಪಾ ಎಂದು—