ನಿಮ್ಮ ಕರಿಬೇವಿನ ಪುಡಿ

ಏನ್ರೀ,

ಈ ಕಾಗದ ನೀವು ಓದುವುದಿಲ್ಲ, ಆದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನೀವು ತೀರಿಹೋಗಿ ವರ್ಷವಾದರೂ ನಿಮ್ಮ ಮನೆಮದ್ದು ಇನ್ನೂ ನಿಂತಿಲ್ಲ! ಇವತ್ತು ಬೆಳಿಗ್ಗೆ ನಿಮ್ಮ ಗೆಳೆಯ ಓಬಯ್ಯ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ರಾಂಪುರಕ್ಕೆ ಬಂದಿದ್ದ. ಮಗ್ಗದ ಮುಂದೆ ಕೂತರೆ ಕಣ್ಣು ಮಂಜಾಗುತ್ತದಂತೆ, ಕಾಲು ಜೋಮು ಹಿಡಿಯುತ್ತದಂತೆ. ಅದಕ್ಕೆ ನಿಮ್ಮ ಒಣ ಕರಿಬೇವಿನ ಪುಡಿ ಬೇಕಂತೆ.

"ಶುಗರ್ ಮಾತ್ರೆ ಬಿಟ್ಬಿಟ್ಟೀನಿ ಅತ್ತಿಗೆ. ಪುಡಿ ತಿಂದ್ರೆ ಸಾಕು, ಮಾತ್ರೆ ಯಾಕೆ ಅಂತ ಬೊಮ್ಮಲಿಂಗಣ್ಣನೇ ಹೇಳಿದ್ದ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ನೆರಳಲ್ಲಿ ಒಣಗಿಸಿದ ಆ ಎಲೆಯಲ್ಲಿ ಕಬ್ಬಿಣದ ಅಂಶವಿದೆ, ನಾರಿದೆ, ತಿಂದರೆ ಹೊಟ್ಟೆಗೂ ಹಿತ. ಯಾರು ಇಲ್ಲವೆಂದರು? ಆದರೆ ಚಳ್ಳಕೆರೆಯ ಡಾಕ್ಟರು ಕೊಟ್ಟ ಮಾತ್ರೆಯ ಕೆಲಸವನ್ನೂ ಅದೇ ಮಾಡುತ್ತದೆಂದು ಊರಿಗೆಲ್ಲ ಸಾರಿದವರು ನೀವು. ನೀವೂ ಮಾತ್ರೆ ಬಿಟ್ಟಿರಿ. ಆಮೇಲೆ ಏನಾಯಿತೆಂದು ಓಬಯ್ಯನಿಗೆ ಗೊತ್ತಿಲ್ಲವೇ? ನಿಮ್ಮ ಚಟ್ಟಕ್ಕೆ ಹೆಗಲು ಕೊಟ್ಟವನೇ ಅವನು.

"ಅದು ಊಟ ಕಣಪ್ಪ, ಔಷಧಿ ಅಲ್ಲ! ನಿನ್ ಹೆಂಡ್ತಿನೂ ನನ್ನಂಗೆ ಒಬ್ಳೇ ಕೂತ್ಕಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಪಾಪ, ಅವಳು ಅವನ ಚೀಲದಲ್ಲಿ ಮಾತ್ರೆ ಹಾಕಿಯೇ ಕಳಿಸಿದ್ದಳು. ರೊಟ್ಟಿಗೆ ಪುಡಿ, ಎಣ್ಣೆ ಹಾಕಿಕೊಟ್ಟು, ಮಾತ್ರೆಯನ್ನು ನನ್ನ ಕಣ್ಣೆದುರೇ ನುಂಗಿಸಿದೆ.

ನೀರು ಕುಡಿದು ಲೋಟ ಕೆಳಗಿಟ್ಟವನು ಮೆಲ್ಲಗೆ ಕೇಳಿದ: "ಅಣ್ಣಂಗೂ ಹಿಂಗೇ ಬೈದಿದ್ರಾ ಅತ್ತಿಗೆ?"

"ಇನ್ನೊಂದು ರೊಟ್ಟಿ ಹಾಕ್ಲಾ?" ಎಂದೆ.