ನನ್ನದೂ ಮಸುಕು

ನವೆಂಬರ್ ೧೮, ಮಂಗಳವಾರ



ನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ರೋಗಿಗಳ ರಕ್ತದ ಜೊತೆ ಹೋಲಿಸಲು ನನ್ನ ರಕ್ತವನ್ನೇ ಕೊಡುತ್ತಿದ್ದೆ. ಯಾರನ್ನೋ ಕಾಡಿ ಬೇಡುವುದಕ್ಕಿಂತ ತೋಳು ಚಾಚುವುದೇ ಸುಲಭ. ಟ್ಯೂಬಿನ ಮೇಲೆ ‘ಆರೋಗ್ಯವಂತರು’ ಎಂದು ಬರೆಯುತ್ತಿದ್ದವಳೂ ನಾನೇ. ಈ ತಿಂಗಳು ಹೊಸ ಪ್ರೋಟೀನೊಂದನ್ನು ಅಳೆಯಲು ಹೊರಟೆವು. ನಲವತ್ತು ದಾಟಿದ ಮೇಲೆ ಕಾಲಿನ ಬಲ ಕಸಿಯುವ, ಹೆತ್ತವರಿಂದ ಮಕ್ಕಳಿಗೆ ಇಳಿಯುವ ಆ ರೋಗದಲ್ಲಿ ಅದು ಕಡಿಮೆಯಿರಬೇಕು. ರೋಗಿಗಳಿಗೂ ನನಗೂ ವ್ಯತ್ಯಾಸವೇ ಕಾಣಲಿಲ್ಲ. ಮೊದಲು ಯಂತ್ರವನ್ನು ಬೈದೆ, ಆಮೇಲೆ ಪರೀಕ್ಷೆಯ ರಾಸಾಯನಿಕ ಕಳಿಸಿದವರನ್ನು.

ಇವತ್ತು ಆಫೀಸಿನ ಟೈಪಿಸ್ಟ್ ಹುಡುಗಿಯ ರಕ್ತವನ್ನೂ ಪಕ್ಕದಲ್ಲಿ ಹಾಕಿದೆ. ಪ್ರೋಟೀನ್ ಹೆಚ್ಚಿದ್ದಷ್ಟೂ ಗೆರೆ ಕಪ್ಪು; ಅವಳದು ಕಪ್ಪಗೆ, ದಪ್ಪಗೆ ಮೂಡಿತು. ರೋಗಿಗಳದು ಮಸುಕು. ನನ್ನದೂ ಮಸುಕು.

“ಟ್ಯೂಬ್ ಅದಲುಬದಲಾಗಿರ್ಬೇಕಮ್ಮ, ಇನ್ನೊಂದ್ಸಲ ಮಾಡು,” ಎಂದರು ನಮ್ಮ ಲ್ಯಾಬ್ ನಡೆಸುವ ಸರ್.

“ಇದು ಮೂರನೇ ಸಲ ಸರ್.”

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ನನಗೀಗ ಮೂವತ್ತೆಂಟು. ಮನೆಯಲ್ಲಿ ಇನ್ನೂ ಹೇಳಿಲ್ಲ. ಊಟಕ್ಕೆ ಕೂತಾಗ ಮಗಳು ಏನಕ್ಕೋ ಹಟ ಹಿಡಿದಳು. ಇವರು ನಕ್ಕು, “ಎಲ್ಲಾ ನಿನ್ನದೇ ಬಂದಿದೆ ನೋಡು ಇವಳಿಗೆ,” ಎಂದರು. ದಿನಾ ಕೇಳಿ ಹಿಗ್ಗುತ್ತಿದ್ದ ಮಾತು. ಇವತ್ತು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟೆ.

ಎಲ್ಲಾ ಅಂದರೆ ಅದೂ ಸೇರಿಯೇ?