ಕತ್ತರಿ ಹಾಕುವ ಮೊದಲು

ಮುಂಡರಗಿ
ನವೆಂಬರ್ ೧೮, ೨೦೨೪

ಚಿ. ಕಾಂಚನಾಳಿಗೆ ನಿನ್ನ ಅವ್ವ ಶಾರದವ್ವ ಮಾಡುವ ಆಶೀರ್ವಾದಗಳು.

ನೀನು, ಅಳಿಯಂದಿರು ಬಳ್ಳಾರಿಯಲ್ಲಿ ಆರೋಗ್ಯವಾಗಿದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ಆಸ್ಪತ್ರೆಯಲ್ಲಿ ನಿಂತೇ ಇರುತ್ತೀ, ಹೊತ್ತಿಗೆ ಸರಿಯಾಗಿ ಉಣ್ಣು. ಇದಾದ ಮೇಲೆ ‘ಇತ್ತ ನಾವೆಲ್ಲರೂ ಕ್ಷೇಮ’ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಬರೆದರೆ ಸುಳ್ಳಾಗುತ್ತದೆ, ಸುಳ್ಳು ಹೇಳುವ ಕೆಲಸವನ್ನು ನಮ್ಮ ಮನೆಯಲ್ಲಿ ಈಗ ಡಾಕ್ಟರರೇ ವಹಿಸಿಕೊಂಡಿದ್ದಾರೆ. ಫೋನು ಬಿಟ್ಟು ಕಾಗದ ಏಕೆ ಎಂದು ಕೇಳಬೇಡ. ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ ‘ಅವ್ವಾ, ಪೇಶಂಟ್ ಬಂದಾರ, ಆಮ್ಯಾಲೆ ಹಚ್ಚತೀನಿ’ ಎಂದು ಇಟ್ಟುಬಿಡುತ್ತೀ. ಕಾಗದದ ಬಾಯಿ ಮುಚ್ಚಿಸಲು ಬರುವುದಿಲ್ಲ. ಪೂರ್ತಿ ಓದು.

ನನ್ನ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ ಎಂಬುದು ನನಗೆ ಮೊನ್ನೆ ಶನಿವಾರ ಗೊತ್ತಾಯಿತು. ನಿನಗೆ ಶ್ರಾವಣದಿಂದ ಗೊತ್ತಿದೆ. ನಿನ್ನ ತಮ್ಮ ವೀರೂಗೆ ಗೊತ್ತಿದೆ, ಅವನ ಹೆಂಡತಿ ಅಂಕಿತಾಗೆ ಗೊತ್ತಿದೆ, ನಮ್ಮ ಬಟ್ಟೆ ಅಂಗಡಿಯ ಪಕ್ಕದ ಬಳೆ ಅಂಗಡಿ ಜನ್ನತಬಿಗೂ ಗೊತ್ತಿದೆ. ಗೊತ್ತಿಲ್ಲದಿದ್ದವಳು ಆ ಹೊಟ್ಟೆಯ ಒಡತಿ ಒಬ್ಬಳೇ. ಸಂಶಯ ಹೇಗೆ ಬಂತು ಅಂತೀಯಾ? ಯಾರೂ ನನ್ನ ಜೊತೆ ಜಗಳಾಡುತ್ತಿರಲಿಲ್ಲ. ನಾನು ಉಪ್ಪು ಹೆಚ್ಚು ಹಾಕಿಕೊಂಡರೆ ಕೈ ಹಿಡಿಯುತ್ತಿದ್ದ ಸೊಸೆ ಸುಮ್ಮನಾದಳು. ವೀರು, ಆ ಜಿಪುಣ, ನಾನು ಗಿರಾಕಿಗೆ ದರ ಇಳಿಸಿ ಕೊಟ್ಟರೂ ‘ಇರ್ಲಿ ಬಿಡಬೇ ಅವ್ವಾ’ ಎಂದು ನಕ್ಕ.  ನಮ್ಮ ತಗಡಿನ ನೀರು ತನ್ನ ಕಟ್ಟೆಯ ಮೇಲೆ ಬೀಳುತ್ತದೆ ಎಂದು ಜನ್ನತಬಿ ಪ್ರತಿ ಮಳೆಗೂ ಜಗಳ ತೆಗೆಯುತ್ತಾಳೆ, ನಾನೂ ಬಿಟ್ಟುಕೊಡುವುದಿಲ್ಲ, ಅದು ನಮ್ಮಿಬ್ಬರಿಗೂ ಊಟದಷ್ಟೇ ರೂಢಿ. ಕಳೆದ ವಾರ ಅಕಾಲದ ಮಳೆ ಬಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು ನಿಂತರೆ ಆಕೆ, ‘ಬೀಳಲಿ ಬಿಡ್ರಿ ಅಕ್ಕಾರ, ನೀರ ಹೌದಲ್ರಿ’ ಎಂದು ಕಣ್ಣೊರೆಸಿಕೊಂಡಳು. ‘ಯಾಕ ಅಳಾಕತ್ತಿ?’ ಎಂದರೆ ‘ಏನಿಲ್ಲರಿ, ಏನಿಲ್ಲರಿ’ ಎನ್ನುತ್ತ ಒಳಗೆ ಓಡಿದಳು. ಮನೆಗೆ ಬಂದು ವೀರೂನನ್ನು ಕೇಳಿದೆ, ನನಗೇನಾಗಿದೆಯೋ ಎಂದು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನು ‘ಅಕ್ಕ ಹೇಳ್ಯಾಳಲ್ಲ, ಹುಣ್ಣ ಅಂತ’ ಎಂದ. ನಾನು ನಿನ್ನ ಹೆಸರೇ ಎತ್ತಿರಲಿಲ್ಲ.

ಶನಿವಾರ ಯಾರಿಗೂ ಹೇಳದೆ ಗದಗ ಬಸ್ಸು ಹತ್ತಿದೆ. ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಡಂಬಳ ದಾಟುವಷ್ಟರಲ್ಲಿ ಬೈಗುಳದ ಸಮೇತ ಜೋಡಿಸಿಕೊಂಡಿದ್ದೆ. ನಿನ್ನ ಜೊತೆ ಓದಿದ ಡಾಕ್ಟರ್ ಕೊಟ್ರೇಶ, ನನ್ನ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದವರು, ನನ್ನನ್ನು ಕಂಡು ಎದ್ದು ನಿಂತರು. ‘ಏನಿಲ್ಲ ಬಿಡ್ರಿ ಅವ್ವಾರ, ಸಣ್ಣ ಹುಣ್ಣ ಆಗೇತಿ. ಗುಳಿಗಿ ತಗೊಂಡು ಆರಾಮ ಇರ್ರಿ’ ಎಂದರು. ಎಷ್ಟು ಸವಿ ಮಾತು, ಎಷ್ಟು ‘ರೀ’! ಬಾಯಿತುಂಬ ಗೌರವ ಇತ್ತು, ನಿಜ ಮಾತ್ರ ಇರಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ‘ಡಾಕ್ಟರ, ಈ ಹೊಟ್ಟಿ ನಂದೋ, ಕಾಂಚನಾಂದೋ?’ ಎಂದು ಕೇಳಿದೆ. ಹೊರಗೆ ಪಾಳಿ ಹಚ್ಚಿದ ಜನ ಇಣುಕತೊಡಗಿದರು. ಅವರು ಬಾಗಿಲು ಹಾಕಿ ಬಂದು ಕೂತು, ‘ನಿಮ್ಮ ಮಗಳಿಗೆ ಮಾತ ಕೊಟ್ಟಿದ್ನಿರಿ’ ಎಂದು ತಲೆ ತಗ್ಗಿಸಿದರು. ಆಮೇಲೆ ಎಲ್ಲ ಹೇಳಿದರು. ಕರುಳಿನಲ್ಲಿ ಗಡ್ಡೆಯಿದೆ. ಆಪರೇಶನ್ ಮಾಡಲು ಈಗಲೂ ಬರುತ್ತದೆ, ಆದರೆ ಈ ವಯಸ್ಸಿನಲ್ಲಿ ನಾನು ತಡೆದುಕೊಳ್ಳುವ ಖಾತ್ರಿಯಿಲ್ಲ. ಮಾಡದಿದ್ದರೆ ಗಡ್ಡೆ ಬೆಳೆಯುತ್ತದೆ. ಮಾಡುವುದು ಬೇಡ ಎಂದು ಶ್ರಾವಣದಲ್ಲೇ ಹೇಳಿದವಳು ನೀನಂತೆ.

ವರದಿ ತರಲು ಹೋದ ಆ ದಿನ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ನೀವಿಬ್ಬರೂ ಒಳಗೆ ನನ್ನ ಆಯುಷ್ಯದ ತೀರ್ಮಾನ ಮಾಡಿದಿರಿ. ಹೊರಗೆ ಬಂದವಳು ‘ನಡಿ ಅವ್ವಾ’ ಎಂದು ಬಸ್‌ಸ್ಟ್ಯಾಂಡಿನ ಹತ್ತಿರ ನನಗೆ ಬಿಸಿ ಮಿರ್ಚಿ ಕೊಡಿಸಿದೆ. ಎಣ್ಣೆಯದು ಮುಟ್ಟಬೇಡ ಎಂದು ವರ್ಷಗಟ್ಟಲೆ ನನ್ನ ಪ್ರಾಣ ತಿಂದವಳು! ಮಗಳು ಎಷ್ಟು ಮೆತ್ತಗಾಗಿದ್ದಾಳೆ ಎಂದು ನಾನು ಹಿಗ್ಗಿ ಇನ್ನೊಂದು ಕೇಳಿ ತಿಂದೆ. ಈಗ ನೆನೆಸಿಕೊಂಡರೆ ನನಗೆ ಆದದ್ದು ದುಃಖವಲ್ಲ, ಅವಮಾನ.

ನೀನು ಡಾಕ್ಟರಿಕೆ ಓದುತ್ತಿದ್ದಾಗ ಒಂದು ದೀಪಾವಳಿಗೆ ಬಂದವಳು ಹೋಳಿಗೆ ಮುಟ್ಟಲಿಲ್ಲ, ನೆನಪಿದೆಯೇ? ಕೆದಕಿ ಕೇಳಿದ ಮೇಲೆ ಬಾಯಿ ಬಿಟ್ಟೆ. ವಾರ್ಡಿನಲ್ಲಿ ಲಕ್ಷ್ಮೇಶ್ವರದ ಕಡೆಯ ಉಡಚವ್ವ ಎಂಬ ಹೆಂಗಸಿದ್ದಳು. ದೊಡ್ಡ ಡಾಕ್ಟರು ಅವಳ ಕಾಲದೆಸೆ ನಿಂತು ಗಂಡನಿಗೆ, ಮೈದುನನಿಗೆ ರೋಗ ಹೇಳಿದರು. ಆಕೆ ಮಲಗಿದಲ್ಲಿಂದಲೇ ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತಿದ್ದಳು, ಯಾರೂ ಆಕೆಯ ಕಡೆ ತಿರುಗಲಿಲ್ಲ. ‘ಆಕಿ ಹೊಟ್ಟಿ ಅವ್ವಾ ಅದು, ಆಕಿಗೇ ಹೇಳಲಿಲ್ಲ’ ಎಂದು ನೀನು ಅತ್ತೆ. ಆಗಿನ್ನೂ ಇದ್ದ ನಿಮ್ಮಪ್ಪ ಚನ್ನಬಸವಣ್ಣನವರು ಬಜಾರಕ್ಕೆ ಹೋಗಿ ಸಿಕ್ಕವರಿಗೆಲ್ಲ ‘ನನ್ನ ಮಗಳು ಡಾಕ್ಟರ್ ಆಗೂದು ಖರೇ ಆತು’ ಎಂದು ಹೇಳಿ ಬಂದರು. ಪರೀಕ್ಷೆ ಪಾಸಾದಾಗಲೂ ಅವರು ಅಷ್ಟು ಹಿಗ್ಗಿರಲಿಲ್ಲ. ಶನಿವಾರ ನಾನು ಕೊಟ್ರೇಶರಿಗೆ ಕೇಳಿದ್ದು ನಿನ್ನದೇ ಮಾತು ಕಾಂಚನಾ. ಅವತ್ತು ಅತ್ತ ಹುಡುಗಿ ಎಲ್ಲಿ ಹೋದಳು?

ನಾವು ಅರಿವೆ ಮಾರುವವರು. ಬಣ್ಣ ಬಿಡುವ ಸೀರೆಯಾದರೆ ‘ಇದು ಬಣ್ಣ ಬಿಡತೈತಿ, ಬ್ಯಾರೆ ಒಗೀರಿ’ ಎಂದು ಹೇಳಿಯೇ ಕೊಟ್ಟಿದ್ದೇವೆ. ಎಷ್ಟೋ ಜನ ಸೀರೆ ಕೆಳಗಿಟ್ಟು ಎದ್ದು ಹೋಗಿದ್ದಾರೆ, ಹೋಗಲಿ. ಹೊಸದಾಗಿ ಅಂಗಡಿಯಲ್ಲಿ ಕೂತಾಗ ನಿಮ್ಮಪ್ಪ ನನಗೆ ಕಲಿಸಿದ್ದು ಅದೊಂದೇ: ‘ಗಿರಾಕಿಗೆ ಹೇಳೂದೆಲ್ಲ ಕತ್ತರಿ ಹಾಕೂಕಿಂತ ಮೊದಲ ಹೇಳಬೇಕು. ಹರದು ಕೊಟ್ಟಮ್ಯಾಲೆ ಹೇಳಿದ್ರ ಅದು ಹೇಳಿಧಂಗಲ್ಲ.’ ಒಂದು ಜಂಪರ್ ಪೀಸಿಗೆ ನಾವು ತೋರಿಸುವಷ್ಟು ನಿಯತ್ತನ್ನು ನೀವಿಬ್ಬರು ಓದಿದವರು ಹೆತ್ತವಳ ಕರುಳಿಗೆ ತೋರಿಸಲಿಲ್ಲ.

ನಾನು ಹೊರಡುವಾಗ ಕೊಟ್ರೇಶರು ‘ಕಾಂಚನಾ ನಿಮ್ಮ ಮ್ಯಾಲಿನ ಪ್ರೀತಿಗೆ ಹಂಗ ಮಾಡ್ಯಾರ್ರಿ’ ಎಂದರು. ಅದು ನನಗೆ ಗೊತ್ತಿಲ್ಲವೇ? ನನ್ನ ವಯಸ್ಸಿನವರು ಆಪರೇಶನ್ ಮಾಡಿಸಿಕೊಂಡು ನಳಿಕೆಗಳ ನಡುವೆ ನರಳುವುದನ್ನು ನೀನು ಕಂಡಿದ್ದೀ, ನಾನು ಕಂಡಿಲ್ಲ. ನಿನ್ನ ತೀರ್ಮಾನವೇ ಸರಿಯಿರಬಹುದು. ಸರಿಯಾದದ್ದನ್ನು ಕದ್ದು ಏಕೆ ಮಾಡಿದೆ? ಡಾಕ್ಟರಾಗಿ ಹೇಳಬೇಕಾದ್ದನ್ನು ಮಗಳಾಗಿ ಮುಚ್ಚಿಟ್ಟೆ, ಮಗಳಾಗಿ ಕೇಳಬೇಕಾದ್ದನ್ನು ಡಾಕ್ಟರಾಗಿ ತೀರ್ಮಾನಿಸಿದೆ. ದಸರೆಗೆ ನೀನು ಬಂದಾಗ ಶಿರಹಟ್ಟಿಯಿಂದ ನಿಮ್ಮ ದೊಡ್ಡವ್ವ ಫೋನು ಮಾಡಿ, ‘ನನಗ ನಡಿಯಾಕ ಆಗೂದಿಲ್ಲ, ನೀನರ ಬಾರವಾ’ ಎಂದಳು. ‘ಬ್ಯಾಸಗಿಗೆ ಬರ್ತೀನಿ’ ಎಂದು ನಾನು ಹೇಳಿದೆ. ನೀನು ಪಕ್ಕದಲ್ಲೇ ಕೂತು ಹೆರಳು ಹಾಕಿಕೊಳ್ಳುತ್ತಿದ್ದೆ. ನನ್ನ ಪಾಲಿಗೆ ಬೇಸಿಗೆ ಇದೆಯೋ ಇಲ್ಲವೋ ಎಂಬ ಅನುಮಾನ ಆ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಇತ್ತು. ನೀನು ‘ಈಗಲೇ ಹೋಗಿ ಬಾ ಅವ್ವಾ’ ಎಂದು ಸಹ ಅನ್ನಲಿಲ್ಲ. ಇದೊಂದನ್ನು ಹೇಗೆ ಕ್ಷಮಿಸಬೇಕೋ ನನಗೆ ತಿಳಿಯದು.

ಇನ್ನು ಮುಂದೆ ನನ್ನ ಹೊಟ್ಟೆಯ ಮಾತನ್ನು ನನ್ನ ಬೆನ್ನ ಹಿಂದೆ ಯಾರೂ ಆಡಕೂಡದು. ಕೊಟ್ರೇಶರಿಗೂ ಹಾಗೆಯೇ ಹೇಳಿ ಬಂದಿದ್ದೇನೆ. ಆಪರೇಶನ್ ಮಾಡಿಸುವುದೋ ಬಿಡುವುದೋ ನಾನೇ ನಿರ್ಧರಿಸುತ್ತೇನೆ, ನಿನ್ನನ್ನು ಕೇಳುವುದಿಲ್ಲ, ವೀರೂನನ್ನೂ ಕೇಳುವುದಿಲ್ಲ. ನೀನು ರಜೆ ಹಾಕಿ ಓಡಿ ಬರುವುದೂ ಬೇಡ, ಬಂದರೆ ನಾನು ಮಾತಾಡಿಸುವುದಿಲ್ಲ. ನಿನ್ನ ಕೈಕೆಳಗೆ ಕಲಿಯುವ ಹುಡುಗರಿದ್ದಾರಲ್ಲ, ಅವರಿಗೆ ರೋಗಿಯ ಮುಖ ನೋಡಿ ಮಾತಾಡುವುದನ್ನು ಕಲಿಸು, ನಿನಗೇ ಮರೆತಿರದಿದ್ದರೆ.

ಅಳಿಯಂದಿರಿಗೆ ನನ್ನ ಶರಣು ತಿಳಿಸು. ಅವರಿಗೂ ಗೊತ್ತಿದ್ದರೆ ತಿಳಿಸಬೇಡ. ಸಿಟ್ಟಿನಲ್ಲಿ ಕೊಟ್ಟರೂ ಆಶೀರ್ವಾದ ಆಶೀರ್ವಾದವೇ, ನೂರು ವರ್ಷ ಬಾಳು.

ಇಂತಿ ನಿನ್ನ ಅವ್ವ,
ಶಾರದವ್ವ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ನಾನೇ ನಿರ್ಧರಿಸುತ್ತೇನೆ ಎಂದು ಮೇಲೆ ಬರೆದೆನಲ್ಲ, ಆಗುತ್ತಿಲ್ಲ. ಕೊಟ್ರೇಶರು ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಗೇ ಬೀಳಲಿಲ್ಲ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದೆ. ನಿನಗೂ ಹೀಗೇ ಆಗಿತ್ತೇನು, ಅದಕ್ಕೇ ಹೇಳಲಿಲ್ಲವೇನು? ರಜೆ ಹಾಕಿ ಬಾ. ಎದುರಿಗೆ ಕೂತು ಎಲ್ಲವನ್ನೂ ಮೊದಲಿನಿಂದ ಹೇಳು. ಅಳು ಬಂದರೆ ಅತ್ತುಕೋತ ಹೇಳು, ನಾನು ಕೇಳುತ್ತೇನೆ. ಜಲ್ದಿ ಬಾರವಾ ಕಾಂಚನಾ, ನನಗ ಭಾಳ ಅಂಜಿಕಿ ಆಗೇತಿ.